ಸೋಂಪಿನ ಗಿಡಕ್ಕೆ ಗೆಡ್ಡೆ ಏಕೆ ಕಟ್ಟುವುದಿಲ್ಲ?

"ಅಡುಗೆಮನೆಯ ಸೋಂಪು ಕಾಳನ್ನೇ ಕುಂಡಕ್ಕೆ ಹಾಕಿದೆ. ಗಿಡ ಎದೆಯೆತ್ತರ ಬೆಳೆಯಿತು, ಹೂವೂ ಬಿಟ್ಟಿತು, ಬುಡದಲ್ಲಿ ಗೆಡ್ಡೆ ಮಾತ್ರ ಇಲ್ಲ. ಎಲ್ಲಿ ತಪ್ಪಾಯಿತು?" ಕೈತೋಟ ಮಾಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು.

ತಪ್ಪಾಗಿದ್ದು ಬೀಜದಲ್ಲಿ. ಅಂಗಡಿಯಲ್ಲಿ ಸಿಗುವುದು ಗುಜರಾತ್, ರಾಜಸ್ಥಾನದ ಹೊಲಗಳಲ್ಲಿ ಕಾಳಿಗೆಂದೇ ಬೆಳೆಯುವ ಸೋಂಪು. ಎಷ್ಟು ಗೊಬ್ಬರ ಸುರಿದರೂ ಅದರ ಬುಡ ಉಬ್ಬದು. ಗೆಡ್ಡೆ ಬೇಕಿದ್ದರೆ ಪೊಟ್ಟಣದ ಮೇಲೆ ‘ಫ್ಲಾರೆನ್ಸ್ ಫೆನಲ್’ ಎಂದಿರುವ ಬೀಜವನ್ನೇ ತರಬೇಕು. ಗೆಡ್ಡೆ ಎನ್ನುವುದು ರೂಢಿಯ ಮಾತು. ಎಲೆತೊಟ್ಟುಗಳ ಬುಡ ದಪ್ಪಗಾಗಿ, ಒಂದನ್ನೊಂದು ಅಪ್ಪಿಕೊಂಡು ಮಣ್ಣಿನ ಮೇಲೆಯೇ ಅದು ಕಟ್ಟುತ್ತದೆ.

ಸರಿಯಾದ ಬೀಜ ತಂದರೂ ಗೆಡ್ಡೆ ಕೈಕೊಡುವುದುಂಟು. ಬಿಸಿಲಿನ ಝಳ, ಒಣಗಿದ ಮಣ್ಣು, ಬೇರಿಗೆ ಪೆಟ್ಟು, ಇವುಗಳಲ್ಲಿ ಯಾವುದು ತಟ್ಟಿದರೂ ಗಿಡ ಗೆಡ್ಡೆ ಕಟ್ಟುವುದನ್ನು ಬಿಟ್ಟು ಹೂದಂಟು ಎಬ್ಬಿಸುತ್ತದೆ. ಆದ್ದರಿಂದ ಬೆಂಗಳೂರು, ಮೈಸೂರು ಕಡೆ ಅಕ್ಟೋಬರ್‌ನಿಂದ ನವೆಂಬರ್ ಮಧ್ಯದೊಳಗೆ ಬಿತ್ತಿ, ಮಾರ್ಚ್ ಬಿಸಿಲಿಗೆ ಮೊದಲೇ ಕೊಯ್ದುಕೊಳ್ಳಬೇಕು. ಕರಾವಳಿಯ ಸೆಕೆಯಲ್ಲಿ ಗೆಡ್ಡೆಯ ಆಸೆ ಬಿಟ್ಟು ಸೊಪ್ಪಿಗಾಗಿ ಬೆಳೆಯುವುದೇ ಮೇಲು.

ಟ್ರೇಯಲ್ಲಿ ಸಸಿ ಮಾಡಿ ಕಿತ್ತು ನೆಡಬೇಡಿ. ಮೂಲಂಗಿಯ ಹಾಗೆ ಇದಕ್ಕೂ ತಾಯಿಬೇರು ನೇರ ಇಳಿಯಬೇಕು. ಹನ್ನೆರಡು ಇಂಚು ಆಳದ ಕುಂಡಕ್ಕೆ ಎರಡು ಪಾಲು ಮಣ್ಣು, ಒಂದು ಪಾಲು ಕಾಂಪೋಸ್ಟ್, ಒಂದು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿ, ನಡುವೆ ಒಂದು ಸೆಂ.ಮೀ. ಆಳಕ್ಕೆ ಮೂರು ಬೀಜ ಹಾಕಿ. 8ರಿಂದ 14 ದಿನಕ್ಕೆ ಮೊಳಕೆ. ನಾಲ್ಕು ಬೆರಳೆತ್ತರವಾದಾಗ ಗಟ್ಟಿಮುಟ್ಟಾದ ಒಂದನ್ನು ಉಳಿಸಿ, ಉಳಿದವನ್ನು ಕತ್ತರಿಯಿಂದ ತೆಗೆಯಿರಿ. ಕಿತ್ತರೆ ಪಕ್ಕದ ಬೇರು ಅಲುಗುತ್ತದೆ. ಪಾತಿಯಲ್ಲಾದರೆ ಗಿಡದಿಂದ ಗಿಡಕ್ಕೆ 25 ಸೆಂ.ಮೀ. ಇರಲಿ, ಒತ್ತಾದರೆ ಬುಡ ಚಪ್ಪಟೆಯಾಗುತ್ತದೆ. ಮಣ್ಣು ಒಮ್ಮೆಯೂ ಬಿರಿಯದಂತೆ ನೀರು ಕೊಡಿ. ವಾರ ಒಣಗಿಸಿ ಒಮ್ಮೆಲೇ ತುಂಬ ಹೊಯ್ದರೆ ಗೆಡ್ಡೆ ಸೀಳುತ್ತದೆ.

ಬುಡ ಮೊಟ್ಟೆಯಷ್ಟಾದಾಗ ಅರ್ಧದವರೆಗೆ ಮಣ್ಣು ಏರಿಸಿದರೆ ಬೆಳ್ಳಗೆ, ಎಳೆಯದಾಗಿ ಉಳಿಯುತ್ತದೆ. 80ರಿಂದ 100 ದಿನಕ್ಕೆ ಮುಷ್ಟಿಗಾತ್ರ ಬರುತ್ತದೆ. ಅದಕ್ಕೆ ಮುಂಚೆಯೇ ಗೆಡ್ಡೆ ಉದ್ದಕ್ಕೆ ಎಳೆದಂತಾಗಿ ನಡುವಿನಿಂದ ದಂಟು ಇಣುಕಿದರೆ ಅಂದೇ ಕತ್ತರಿಸಿ. ಬಿಟ್ಟರೆ ಒಳಗೆಲ್ಲ ನಾರು. ಬೇರು ಕೀಳದೆ ಮಣ್ಣಿನಿಂದ ಒಂದಿಂಚು ಮೇಲೆ ಕೊಯ್ದರೆ ಸುತ್ತ ಮರಿಚಿಗುರು ಬರುತ್ತದೆ, ಸಾರಿಗೆ ಆಗುತ್ತದೆ.

ಹೊಸ ಗೆಡ್ಡೆಗೆ ಮೊದಲ ಸಲ ಕೋಸಂಬರಿಯೇ ಸರಿ. ಕಾಲು ಕಪ್ ಹೆಸರುಬೇಳೆಯನ್ನು ಅರ್ಧ ಗಂಟೆ ನೆನೆಸಿ ಬಸಿಯಿರಿ. ಗೆಡ್ಡೆಯ ನಾರಿನ ಹೊರಪದರ ತೆಗೆದು, ಉದ್ದಕ್ಕೆ ಸೀಳಿ, ಬುಡದ ಗಟ್ಟಿ ತಿರುಳು ಬಿಡಿಸಿ, ಆದಷ್ಟು ತೆಳ್ಳಗೆ ಹೆಚ್ಚಿ. ಹೆಚ್ಚಿದ ಕೂಡಲೇ ಅರ್ಧ ನಿಂಬೆಹಣ್ಣು ಹಿಂಡಿ, ಇಲ್ಲದಿದ್ದರೆ ಕಂದುತ್ತದೆ. ಎರಡು ಚಮಚ ತೆಂಗಿನತುರಿ, ಸಾಸಿವೆ, ಹಸಿಮೆಣಸಿನ ಒಗ್ಗರಣೆ. ಇಂಗು ಬೇಡ, ಸೋಂಪಿನ ಪರಿಮಳವನ್ನು ನುಂಗಿಬಿಡುತ್ತದೆ. ಉಪ್ಪು ಬಡಿಸುವ ಹೊತ್ತಿಗೆ, ಮುಂಚೆ ಹಾಕಿದರೆ ನೀರೊಡೆಯುತ್ತದೆ.

ಹುರಿಯುವುದಾದರೆ ತಿರುಳು ತೆಗೆಯಬೇಡಿ, ಪದರಗಳನ್ನು ಹಿಡಿದಿಡುವುದು ಅದೇ. ಅರ್ಧ ಸೆಂ.ಮೀ. ದಪ್ಪದ ಹೋಳುಗಳನ್ನು ಕಬ್ಬಿಣದ ಕಾವಲಿಯ ಮೇಲೆ ಒಂದೇ ಸಾಲಾಗಿ ಹರಡಿ, ಎರಡು ಚಮಚ ಎಣ್ಣೆ ಬಿಟ್ಟು, ಮಧ್ಯಮ ಉರಿಯಲ್ಲಿ ಒಂದೊಂದು ಬದಿಗೆ ಐದು ನಿಮಿಷ ಕದಲಿಸದೆ ಬಿಡಿ. ಗುಡ್ಡೆ ಹಾಕಿದರೆ ಹಬೆಯಲ್ಲಿ ಬೆಂದು ಮೆತ್ತಗಾಗುತ್ತದೆ. ಅಂಚು ಕೆಂಪಾದರೇ ಸಿಹಿ ಏಳುವುದು.

ಕಾಳಿನ ತಳಿಯ ಗಿಡ ಬೆಳೆದಿದ್ದವರು ಕೀಳಬೇಡಿ. ಅದರ ಎಳೆಯ ಗರಿಸೊಪ್ಪು ಅಕ್ಕಿರೊಟ್ಟಿಗೆ ಸೊಗಸು. ಸಬ್ಬಸಿಗೆಯಷ್ಟು ಖಾರವಾದ ವಾಸನೆ ಇದಕ್ಕಿಲ್ಲ, ಹಾಗಾಗಿ ಎರಡು ಕಪ್ ಹಿಟ್ಟಿಗೆ ಒಂದು ಕಪ್ ತುಂಬ ಹೆಚ್ಚಿ ಹಾಕಿ. ದಂಟು ಮಾತ್ರ ಬೇಡ, ರೊಟ್ಟಿ ತಟ್ಟುವಾಗ ನಾರು ಬೆರಳಿಗೆ ಸಿಕ್ಕಿ ಹಿಟ್ಟು ಹರಿಯುತ್ತದೆ.