ಕಾಕ್ ಎರಡಾಗಿ ಕಂಡಾಗ

ಸೆಂದಗಾಯಾ ಸ್ಟೇಷನ್ನಿನಿಂದ ಹೊರಬಿದ್ದರೆ ಎದುರಿಗೇ ಟೋಕಿಯೊ ಮೆಟ್ರೊಪಾಲಿಟನ್ ಜಿಮ್ನೇಷಿಯಂ. 2022ರ ಆಗಸ್ಟ್ 24, ಬುಧವಾರ. ಬ್ಯಾಡ್ಮಿಂಟನ್ ನೋಡಲು ಕೆಲಸಕ್ಕೆ ರಜೆ ಹಾಕಿ ಬಂದಿದ್ದೆ. ವಿಶ್ವ ಚಾಂಪಿಯನ್‌ಷಿಪ್‌ನ ಎರಡನೇ ಸುತ್ತಿನಲ್ಲಿ ನಮ್ಮ ಎಚ್.ಎಸ್. ಪ್ರಣಯ್‌ಗೆ ಎದುರಾಳಿ ಜಪಾನಿನ ಕೆಂಟೊ ಮೊಮೊಟಾ. ಅದುವರೆಗೆ ಇಬ್ಬರೂ ಏಳು ಸಲ ಆಡಿದ್ದರು, ಏಳೂ ಸಲ ಗೆದ್ದವನು ಮೊಮೊಟಾ. ಶಿವಮೊಗ್ಗದಿಂದ ತಮ್ಮನ ಮೆಸೇಜ್ ಬಂದಿತ್ತು: "ಅಣ್ಣಾ, ಪ್ರಣಯ್‌ಗೆ ನನ್ನ ಲೆಕ್ಕದಲ್ಲೂ ಚಪ್ಪಾಳೆ ಹೊಡಿ." ಆಯ್ತು ಅಂತ ಬರೆದೆ. ನಾನು ಬಂದದ್ದು ಮೊಮೊಟಾನನ್ನು ನೋಡಲಿಕ್ಕೆ ಅಂತ ಬರೆಯಲಿಲ್ಲ.

ಅವನು ನನ್ನ ಆಟಗಾರ ಆದದ್ದು ಗೆಲುವುಗಳಿಂದಲ್ಲ. ಗೆಲುವುಗಳಿಗೇನೂ ಕೊರತೆ ಇರಲಿಲ್ಲ. 2018ರಲ್ಲಿ ನಾನ್‌ಜಿಂಗ್‌ನಲ್ಲಿ ವಿಶ್ವ ಚಾಂಪಿಯನ್ ಆದ, ಜಪಾನಿನ ಗಂಡಸರ ಸಿಂಗಲ್ಸ್‌ನಲ್ಲಿ ಅದೇ ಮೊದಲು. 2019 ಒಂದೇ ವರ್ಷದಲ್ಲಿ ಹನ್ನೊಂದು ಪ್ರಶಸ್ತಿ. ಆ ವರ್ಷ ವಿಶ್ವ ಚಾಂಪಿಯನ್‌ಷಿಪ್ ನಡೆದ ಬಾಸೆಲ್‌ನ ಸೆಮಿಫೈನಲ್‌ನಲ್ಲಿ ಅವನ ಕೈಲಿ ಸೋತವನು ನಮ್ಮ ಸಾಯಿ ಪ್ರಣೀತ್. ಆ ಸೋಲಿಗೂ ಕಂಚು ಸಿಕ್ಕಿತು. 1983ರ ಪ್ರಕಾಶ್ ಪಡುಕೋಣೆಯವರ ಕಂಚಿನ ನಂತರ ನಮ್ಮ ಗಂಡಸರಿಗೆ ಸಿಕ್ಕ ಮೊದಲ ವಿಶ್ವ ಪದಕ ಅದು. ಅಷ್ಟು ಹೊತ್ತಿಗೆ ಮೊಮೊಟಾನ ಆಟ ನೋಡುವುದು ನನಗೆ ಅಭ್ಯಾಸವಾಗಿತ್ತು. ಎಡಗೈ ಆಟ. ಸ್ಮ್ಯಾಶ್‌ನಲ್ಲಿ ಅಬ್ಬರ ಇಲ್ಲ. ನೆಟ್ ಹತ್ತಿರ ರ್‍ಯಾಕೆಟ್ ಹಿಡಿದು ಒಂದು ಕ್ಷಣ ಕಾಯುತ್ತಾನೆ. ಎದುರಾಳಿಯ ಕಾಲು ಯಾವ ಕಡೆಗೆ ವಾಲುತ್ತದೋ ಅದರ ವಿರುದ್ಧ ದಿಕ್ಕಿಗೆ ಕಾಕ್ (ಗರಿಯ ಶಟಲ್) ಹೋಗಿರುತ್ತದೆ. ಡ್ರಿಬಲ್ (ನೆಟ್ ಬಳಿ ಮೆಲ್ಲನೆ ತಟ್ಟುವ ಹೊಡೆತ) ಹಾಕಿದರೆ ನೆಟ್ಟಿನ ಪಟ್ಟಿಗೆ ಗರಿ ಸವರಿಕೊಂಡು ಆಚೆಗೆ ಇಳಿಯುತ್ತಿತ್ತು.

ಅಂಥ ಆಟ ನಿಂತಿರುವುದೇ ಕಣ್ಣಿನ ಮೇಲೆ.

2020ರ ಜನವರಿ 12ರಂದು ಮಲೇಷ್ಯಾ ಮಾಸ್ಟರ್ಸ್ ಗೆದ್ದ. ಮಾರನೆಯ ದಿನ ನಸುಕಿನಲ್ಲಿ ಕ್ವಾಲಾಲಂಪುರದ ವಿಮಾನ ನಿಲ್ದಾಣಕ್ಕೆ ಹೊರಟಿದ್ದ ಅವನ ವ್ಯಾನ್ ಮುಂದಿನ ಲಾರಿಗೆ ಗುದ್ದಿತು. ಚಾಲಕ ತೀರಿಕೊಂಡ. ಮೊಮೊಟಾನ ಮೂಗು ಮುರಿದಿತ್ತು, ಮುಖದ ತುಂಬ ಗಾಯ. ಊರಿಗೆ ಮರಳಿ ಮತ್ತೆ ರ್‍ಯಾಕೆಟ್ ಹಿಡಿದ ಮೇಲೆ ಗೊತ್ತಾಯಿತು, ಕಾಕ್ ಎರಡೆರಡಾಗಿ ಕಾಣುತ್ತಿದೆ ಅಂತ. ಬಲಗಣ್ಣಿನ ಗೂಡಿನ ಮೂಳೆ ಬಿರುಕು ಬಿಟ್ಟಿತ್ತು. ಫೆಬ್ರವರಿಯಲ್ಲಿ ಆಪರೇಷನ್ ಆಯಿತು.

ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದಕ್ಕೆ ಕಾರಣ ಇದೆ. ಇಂಜಿನಿಯರಿಂಗ್ ಕೊನೆಯ ವರ್ಷ ಶಿವಮೊಗ್ಗದಲ್ಲಿ ಡಬಲ್ಸ್ ಆಡುವಾಗ, ನೆಟ್ ಹತ್ತಿರ ನಿಂತಿದ್ದ ನನ್ನ ಎಡಗಣ್ಣಿಗೆ ಎದುರಿನ ಸ್ಮ್ಯಾಶ್ ನೇರ ಬಡಿಯಿತು. ಐದು ಗ್ರಾಂ ತೂಕದ ವಸ್ತು. ಕಣ್ಣಿನ ಗೂಡಿಗೆ ಸರಿಯಾಗಿ ಕೂರುವಷ್ಟೇ ಅಗಲ ಅದರ ಬೆಂಡಿನ ತಲೆ. ಊತ ಇಳಿದ ಮೇಲೂ ಮೂರು ವಾರ ಎಲ್ಲವೂ ಎರಡು. ಡಾಕ್ಟರ್ ವಿವರಿಸಿದ್ದರು: ಕಣ್ಣುಗುಡ್ಡೆಯನ್ನು ತಿರುಗಿಸುವ ಸ್ನಾಯುಗಳಿಗೆ ಪೆಟ್ಟು ಬಿದ್ದರೆ ಎರಡು ಕಣ್ಣು ಒಂದೇ ಕಡೆ ನೋಡುವುದಿಲ್ಲ, ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ. ಅಮ್ಮ ಲೋಟ ಚಾಚಿದರೆ ನಾನು ಪಕ್ಕದ ಗಾಳಿಗೆ ಕೈ ಹಾಕುತ್ತಿದ್ದೆ. ಅಮ್ಮ ಏನೂ ಹೇಳದೆ ನನ್ನ ಬೆರಳು ಹಿಡಿದು ಲೋಟಕ್ಕೆ ಮುಟ್ಟಿಸುತ್ತಿದ್ದಳು.

ದೃಷ್ಟಿ ಸರಿಹೋಯಿತು. ಆದರೆ ಕೋರ್ಟಿಗೆ ಮರಳಿದ ಮೇಲೆ ಕಾಕ್ ಮುಖದ ಎತ್ತರಕ್ಕೆ ಬಂದಾಗೆಲ್ಲ ತಲೆ ತಾನಾಗಿ ಪಕ್ಕಕ್ಕೆ ಸರಿಯುತ್ತಿತ್ತು. ಕಣ್ಣಿಗೆ ಕಾಣುತ್ತದೆ, ಮೈ ನಂಬುವುದಿಲ್ಲ. ನನ್ನದು ಕಾಲೇಜು ಹುಡುಗನ ಆಟ, ನಿಂತರೆ ಜಗತ್ತಿಗೆ ನಷ್ಟವಿಲ್ಲ. ವಿಶ್ವದ ನಂಬರ್ ಒನ್‌ಗೆ ಹಾಗಾದರೆ?

2021ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವನೇ ಅಗ್ರ ಶ್ರೇಯಾಂಕಿತ. 2016ರಲ್ಲಿ ಕಾನೂನುಬಾಹಿರ ಜೂಜಿನ ಅಡ್ಡೆಗೆ ಹೋದದ್ದಕ್ಕೆ ಅಮಾನತಾಗಿ ರಿಯೊ ಒಲಿಂಪಿಕ್ಸ್ ಕಳೆದುಕೊಂಡಿದ್ದ. ತಪ್ಪು ಅವನದೇ, ಒಂದು ವರ್ಷದ ಮೇಲೆ ಕೆಳಗಿನಿಂದ ಮತ್ತೆ ಹತ್ತಿ ಬಂದಿದ್ದ. ಅದಕ್ಕೇ ಟೋಕಿಯೊ ಅವನಿಗೆ ಅಷ್ಟು ದೊಡ್ಡದು. ಗುಂಪು ಹಂತದಲ್ಲೇ ಕೊರಿಯಾದ ಹಿಯೊ ಕ್ವಾಂಗ್ ಹೀ ಎದುರು 15-21, 19-21. ಕೊರೊನಾದ ಕಾರಣ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಇದೇ ಊರಿನಲ್ಲಿದ್ದ ನಾನು ಟಿವಿಯಲ್ಲಿ ನೋಡಿದೆ. ಖಾಲಿ ಕುರ್ಚಿಗಳ ನಡುವೆ ಅವನು ಸೋತ.

ಹಾಗಾಗಿ ಈ ಬುಧವಾರ ಬಿಡಬಾರದು ಅಂತಿತ್ತು. ಪಕ್ಕದ ಸೀಟಿನಲ್ಲಿ ಎಪ್ಪತ್ತರ ಆಸುಪಾಸಿನ ಒಬ್ಬ ಅಜ್ಜಿ. ಮಾಸ್ಕ್ ಹಾಕಿಕೊಂಡು, ಮಡಿಲಲ್ಲಿ ಅವನ ಹೆಸರಿದ್ದ ಟವೆಲ್ ಹರಡಿಕೊಂಡು ಕೂತಿದ್ದರು. "ಹೋದ ವರ್ಷ ಬರಲಿಕ್ಕೆ ಆಗಲಿಲ್ಲ," ಅಂದರು. ನನಗೂ ಅಂದೆ.

ಮೊದಲ ಗೇಮಿನ ಹೊತ್ತಿಗೇ ನನ್ನ ಹೊಟ್ಟೆಯಲ್ಲಿ ಸಂಕಟ ಶುರುವಾಯಿತು. ಪ್ರಣಯ್ ಅದ್ಭುತವಾಗಿ ಆಡಿದ, ಅದನ್ನು ಮೊದಲು ಹೇಳಬೇಕು. ಏಳು ಸೋಲಿನ ಭಾರ ಅವನ ಹೆಜ್ಜೆಯಲ್ಲಿ ಎಲ್ಲೂ ಇರಲಿಲ್ಲ. ಆದರೆ ನನ್ನ ಕಣ್ಣು ಹೋಗುತ್ತಿದ್ದದ್ದು ಆಚೆಯ ಅಂಗಳಕ್ಕೆ. ಕಾಲಿನ ಓಟ ಅದೇ, ಮಣಿಕಟ್ಟು ಅದೇ. ಹಿಂದೆ ಕಾಯುತ್ತಿದ್ದನಲ್ಲ, ಆ ಒಂದು ಕ್ಷಣ, ಅದು ಮಾತ್ರ ಇಲ್ಲ ಅನ್ನಿಸಿತು. ಬೇರೆಯವರಿಗೆ ಹಾಗೆ ಕಂಡಿತೋ ಇಲ್ಲವೋ. ನನಗೆ ಕಂಡಿತು. 17-21, 16-21. ತವರಿನ ವಿಶ್ವ ಚಾಂಪಿಯನ್‌ಷಿಪ್ ಎರಡನೇ ಸುತ್ತಿಗೇ ಮುಗಿಯಿತು.

ಜೇಬಿನಲ್ಲಿ ಫೋನ್ ನಡುಗುತ್ತಲೇ ಇತ್ತು, ತಮ್ಮನದೇ ಇರಬೇಕು. ಅಜ್ಜಿ ಟವೆಲ್ಲನ್ನು ನಿಧಾನವಾಗಿ ನಾಲ್ಕು ಮಡಿಕೆ ಮಡಚಿ ಚೀಲಕ್ಕೆ ಹಾಕಿದರು. ನನ್ನ ಕಡೆ ತಿರುಗಿ, ತಲೆ ಬಾಗಿಸಿ, "ಒಮೆದೆತೊ ಗೊಝಾಯಿಮಾಸ್" ಅಂದರು. ಅಭಿನಂದನೆಗಳು! ನಮ್ಮ ದೇಶದವನು ಗೆದ್ದನಲ್ಲ, ಅದಕ್ಕೆ.

ಏನು ಹೇಳಲಿ? "ನಾನೂ ಮೊಮೊಟಾ ಅವರನ್ನು ನೋಡಲೆಂದೇ ಬಂದವನು" ಅಂದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಇಬ್ಬರೂ ಖಾಲಿಯಾದ ಕೋರ್ಟಿನ ಕಡೆ ನೋಡುತ್ತ ಕೂತೆವು, ಮುಂದಿನ ಆಟದವರು ಬರುವ ತನಕ.

2024ರ ಏಪ್ರಿಲ್‌ನಲ್ಲಿ ಅವನು ಅಂತರರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದ, ಇನ್ನೂ ಇಪ್ಪತ್ತೊಂಬತ್ತು. ಅಪಘಾತದ ನಂತರ ತನಗೆ ಬೇಕಾದ ಆಟಕ್ಕೂ ಮೈಗೂ ಹೊಂದಿಕೆಯಾಗಲೇ ಇಲ್ಲ ಎಂಬರ್ಥದ ಮಾತು ಹೇಳಿದ. ನಾನು ಮನೆಗೆ ಬಂದು 2019ರ ಬಾಸೆಲ್ ಫೈನಲ್ ಹಾಕಿದೆ. ಡೆನ್ಮಾರ್ಕಿನ ಆ್ಯಂಟನ್ಸನ್ ಎದುರು 21-9, 21-3. ನೆಟ್ ಹತ್ತಿರ ರ್‍ಯಾಕೆಟ್ ಹಿಡಿದು ಕಾಯುತ್ತಿದ್ದಾನೆ.