ಗೀಟೆಳೆದ ಸಾಲು

ವಿಜ್ಞಾನದ ಮೇಷ್ಟ್ರು ಹೋದ ಮೇಲೆ ಅವರ ಮನೆಯವರು ಕಪಾಟು ಖಾಲಿ ಮಾಡುವಾಗ ನಮ್ಮ ಏಳನೇ ತರಗತಿಯ ಮಳೆ ಪುಸ್ತಕ ಸಿಕ್ಕಿತು. ಇನ್ನೂರು ಪುಟದ ಉದ್ದ ನೋಟ್‌ಬುಕ್ಕು, ಕಂದು ಕಾಗದದ ಹೊದಿಕೆ, ಮೇಲೆ ಅವರದೇ ದುಂಡು ಅಕ್ಷರದಲ್ಲಿ ‘ಮಳೆ, 2004’. ವೈಕುಂಠ ಸಮಾರಾಧನೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಗಳ ನಡುವೆ ಅದು ಕೈಯಿಂದ ಕೈಗೆ ಸಾಗಿತು. ಎಲ್ಲರೂ ಹುಡುಕಿದ್ದು ಒಂದೇ ಪುಟ. ಆಗಸ್ಟ್ ತಿಂಗಳ ಒಂದು ಬೆಳಗಿನ ಎದುರು ‘23 ಮಿ.ಮೀ.’ ಎಂದಿದೆ. ಅದರ ಮೇಲೆ ಒಂದೇ ಒಂದು ಗೀಟು. ಪಕ್ಕದಲ್ಲಿ ‘ನೀರು ಸುರಿಯಲಾಗಿದೆ, ಈ ದಿನದ ಅಳತೆ ಇಲ್ಲ’ ಎಂಬ ಷರಾ, ಕೆಳಗೆ ಇಬ್ಬರು ಹುಡುಗರ ಸಹಿ.

ಆ ಸಾಲಿನ ಮಾತಿಗೆ ಮೊದಲು ಮಳೆಮಾಪಕದ ಮಾತು ಹೇಳಬೇಕು. ಇಂದಿಗೂ ಯಾವ ಶಾಲೆ ಬೇಕಾದರೂ ಅದನ್ನು ಒಂದು ಮಧ್ಯಾಹ್ನದಲ್ಲಿ ಮಾಡಿಕೊಳ್ಳಬಹುದು. ಪ್ಲಾಸ್ಟಿಕ್ ಆಲಿಕೆ, ಎರಡು ಲೀಟರ್ ಬಾಟಲಿ, ನೂರು ಮಿಲಿಲೀಟರಿನ ಅಳತೆ ಜಾಡಿ, ಇಷ್ಟೇ ಸಾಮಾನು. ಗುಟ್ಟಿರುವುದು ಆಲಿಕೆಯ ಬಾಯಲ್ಲಿ. ಬಾಯಿ 11.3 ಸೆಂಟಿಮೀಟರ್ ಅಗಲವಿದ್ದರೆ ವಿಸ್ತೀರ್ಣ 100 ಚದರ ಸೆಂಟಿಮೀಟರ್ ಆಗುತ್ತದೆ. ಆಗ ಬಾಟಲಿಯಲ್ಲಿ ಸೇರಿದ ಪ್ರತಿ 10 ಮಿಲಿಲೀಟರ್ ನೀರು 1 ಮಿಲಿಮೀಟರ್ ಮಳೆಗೆ ಸಮ. ಅಂಗಡಿಯಲ್ಲಿ ಸರಿಯಾಗಿ ಅದೇ ಅಗಲದ್ದು ಸಿಗುವುದಿಲ್ಲ. ಸ್ವಲ್ಪ ದೊಡ್ಡದನ್ನು ತಂದು, ಕಂಪಾಸಿನಿಂದ ಕಾಗದದ ಮೇಲೆ ವೃತ್ತ ಎಳೆದು, ಅದಕ್ಕೆ ಕೂರುವವರೆಗೆ ಅಂಚನ್ನು ಕತ್ತರಿಸುತ್ತಾ ಬರಬೇಕು. ಬಾಯಿ ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲಿ ಮಟ್ಟವಾಗಿ ನಿಲ್ಲಬೇಕು. ತಗ್ಗಿದ್ದರೆ ನೆಲಕ್ಕೆ ಬಡಿದ ಹನಿ ಚಿಮ್ಮಿ ಒಳಗೆ ಬೀಳುತ್ತದೆ. ಹತ್ತಿರದ ಮರವೋ ಗೋಡೆಯೋ ಎಷ್ಟು ಎತ್ತರವಿದೆಯೋ ಅದರ ಎರಡರಷ್ಟು ದೂರ ಬೇಕು. ಬೆಂಗಳೂರಿನ ಶಾಲೆಯ ಅಂಗಳದಲ್ಲಿ ಅಷ್ಟು ಬಯಲು ಎಲ್ಲಿಂದ ಬರಬೇಕು? ಅದಕ್ಕೇ ಮೇಷ್ಟ್ರು ಎರಡು ಮಾಪಕ ಇಡಿಸಿದರು, ಒಂದು ಬಾವುಟದ ಕಂಬದ ಬಳಿ, ಇನ್ನೊಂದು ತಾರಸಿಯ ಮೇಲೆ. ತಾರಸಿಯಲ್ಲಿ ಗಾಳಿ ಹನಿಗಳನ್ನು ಹಾರಿಸಿಕೊಂಡು ಹೋಗುವುದರಿಂದ ಅಲ್ಲಿನದು ಯಾವಾಗಲೂ ಒಂದಿಷ್ಟು ಕಡಿಮೆ ತೋರಿಸುತ್ತಿತ್ತು. ಆ ವ್ಯತ್ಯಾಸ ಮಾಮೂಲು ಎಷ್ಟಿರುತ್ತದೆ ಎಂಬುದು ಒಂದು ತಿಂಗಳಲ್ಲಿ ಎಲ್ಲರಿಗೂ ಬಾಯಿಪಾಠವಾಗಿತ್ತು.

ಬಾಟಲಿಯ ನೀರು ಆವಿಯಾಗದಿರಲಿ ಎಂದು ಮೇಲೆ ನಾಲ್ಕು ಹನಿ ಎಣ್ಣೆ ಬಿಡುವ ಪದ್ಧತಿ ಇದೆ. ಮೊದಲು ಕೊಬ್ಬರಿ ಎಣ್ಣೆ ಬಿಟ್ಟೆವು. ಅದು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ನಮ್ಮೂರಿನ ಮಳೆಗಾಲದ ಬೆಳಗು 20ರ ಆಸುಪಾಸು. ಎಂಟೂವರೆಗೆ ಹೋಗಿ ನೋಡಿದರೆ ನೀರಿನ ಮೇಲೆ ಬಿಳಿ ಚೂರು ತೇಲುತ್ತಿತ್ತು, ಜಾಡಿಗೆ ಬಗ್ಗಿಸಿದರೆ ಅಂಚಿಗೆ ಮೆತ್ತಿಕೊಂಡು ಅಳತೆ ಕೆಡುತ್ತಿತ್ತು. ಮಾರನೆಯ ದಿನದಿಂದ ಕಡಲೆಕಾಯಿ ಎಣ್ಣೆ. ಓದುವ ಹೊತ್ತು ಬೆಳಿಗ್ಗೆ 8.30, ಹವಾಮಾನ ಇಲಾಖೆ ಓದುವುದೂ ಅದೇ ಹೊತ್ತಿಗೆ. ಭಾನುವಾರ ಯಾರೂ ಬರದಿದ್ದರೆ ಸೋಮವಾರದ ಅಳತೆಯನ್ನು ಎರಡು ಭಾಗ ಮಾಡಿ ಹಂಚುವ ಹಾಗಿಲ್ಲ, ‘ಎರಡು ದಿನದ ಮೊತ್ತ’ ಎಂದೇ ಬರೆಯಬೇಕು.

ಈಗ ಆ ಸಾಲು. ಜಿಲ್ಲಾ ಮಟ್ಟದ ಸ್ಪರ್ಧೆಗೆ ಒಂದು ‘ದೊಡ್ಡ ಮಳೆ’ ಬೇಕೆಂದು ತಂಡದ ಇಬ್ಬರು ಬೆಳಿಗ್ಗೆ ಬೇಗ ಬಂದು ಅಂಗಳದ ಆಲಿಕೆಗೆ ಒಂದು ಲೋಟ ನೀರು ಸುರಿದರು. 230 ಮಿಲಿಲೀಟರ್ ಬಂತು. ತಾರಸಿಯದರಲ್ಲಿ 26. ಮೇಷ್ಟ್ರು ಯಾರನ್ನೂ ಕೂಗಲಿಲ್ಲ. ಅಡುಗೆ ಕೋಣೆಯಿಂದ ಸ್ಟೀಲ್ ಲೋಟ ತರಿಸಿ, ತುಂಬಿ, ಜಾಡಿಗೆ ಹಾಕಿ ಅಳೆದರು. ಸರಿಯಾಗಿ 200. “ಮಳೆ ಲೋಟದ ಲೆಕ್ಕದಲ್ಲಿ ಬರೋದಿಲ್ಲ ಕಣ್ರೋ” ಎಂದರು. ಒಬ್ಬ ಧೈರ್ಯ ಮಾಡಿ, ಹಾಗಾದರೆ 20 ಕಳೆದು 3 ಎಂದು ಬರೆಯೋಣ ಸಾರ್ ಎಂದ. ಅವರು ಒಪ್ಪಲಿಲ್ಲ. “ಅದು ಕಳೆದದ್ದು, ಅಳೆದದ್ದಲ್ಲ.” ಇನ್ನೊಬ್ಬನ ಕೈ ಆಗಲೇ ರಬ್ಬರಿಗೆ ಹೋಗಿತ್ತು. ಅದನ್ನು ಕಿತ್ತುಕೊಂಡು ಮೇಜಿನ ಡ್ರಾಯರಿಗೆ ಹಾಕಿದರು. ತಪ್ಪಿದ್ದು ಓದುವಂತೆಯೇ ಉಳಿಯಬೇಕು, ಮೇಲೆ ಒಂದೇ ಗೀಟು, ಕಾರಣ, ಸಹಿ. ಆಮೇಲೆ ಆ ತಂಡದ ಪುಸ್ತಕದಲ್ಲಿ ಬಿಳಿ ಪೆನ್ನಾಗಲಿ ರಬ್ಬರಾಗಲಿ ಮುಟ್ಟಿದ ಒಂದು ಪುಟವೂ ಇಲ್ಲ.

ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಆ ಮಳೆ ಲೆಕ್ಕದ ವರದಿ ಹೋಯಿತು. 1993ರಿಂದ ನಡೆದು ಬಂದಿರುವ ಈ ಸಮಾವೇಶವನ್ನು ನಮ್ಮ ರಾಜ್ಯದಲ್ಲಿ ನಡೆಸಿಕೊಂಡು ಬಂದದ್ದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. 10ರಿಂದ 17 ವರ್ಷದ ಮಕ್ಕಳಿಗೆ, ಕಿರಿಯರು ಹಿರಿಯರು ಎಂದು ಎರಡು ವಿಭಾಗ, ಜೊತೆಗೊಬ್ಬ ಮಾರ್ಗದರ್ಶಿ ಶಿಕ್ಷಕ. ತಮ್ಮ ಊರು ಕೇರಿಯದೇ ಒಂದು ಸಮಸ್ಯೆ ಹಿಡಿದು ತಾವೇ ಅಳೆದು ನೋಡಬೇಕು. ಮಾದರಿ ಪ್ರದರ್ಶನ ಅಲ್ಲಿ ಮುಖ್ಯವಲ್ಲ. ತೀರ್ಪುಗಾರರು ಮೊದಲು ಕೈ ಹಾಕುವುದು ದಿನಚರಿ ಪುಸ್ತಕಕ್ಕೆ. ನಮ್ಮ ಪುಸ್ತಕ ತೆರೆದವರೊಬ್ಬರು ನಿಂತದ್ದು ಗೀಟೆಳೆದ ಸಾಲಿನಲ್ಲೇ, ಎಂಟು ನಿಮಿಷದ ಮಂಡನೆಗಿಂತ ಹೆಚ್ಚು ಹೊತ್ತು ಮಾತು ನಡೆದದ್ದು ಅದರ ಮೇಲೆಯೇ. ತಂಡ ಜಿಲ್ಲೆ ದಾಟಿತು. ಶಾಲೆಗಳ ಅರ್ಜಿ, ವರದಿಗಳನ್ನು ಓದುವುದೇ ಉದ್ಯೋಗವಾಗಿರುವ ಈ ದಿನಗಳಲ್ಲೂ ಅಷ್ಟು ಶುದ್ಧವಾದ ಇನ್ನೊಂದು ಪುಸ್ತಕ ನನಗೆ ಸಿಕ್ಕಿಲ್ಲ ಎಂದು ಹೆಮ್ಮೆಯಿಂದಲೇ ಹೇಳುತ್ತೇನೆ.

ಆ ಆಲಿಕೆ, ಜಾಡಿಗಳಿಗೆ ದುಡ್ಡು ಬಂದದ್ದು ಎಲ್ಲಿಂದ ಎಂಬುದು ನಮಗೆ ತಿಳಿದದ್ದು ದೊಡ್ಡವರಾದ ಮೇಲೆ. ಸರ್ವ ಶಿಕ್ಷಣ ಅಭಿಯಾನದಲ್ಲಿ ಪ್ರತಿ ಶಿಕ್ಷಕರಿಗೆ ಬೋಧನೋಪಕರಣಕ್ಕೆಂದು ವರ್ಷಕ್ಕೆ 500 ರೂಪಾಯಿ ಬರುತ್ತಿತ್ತು. ಒಬ್ಬೊಬ್ಬರೇ ಖರ್ಚು ಮಾಡಿದರೆ ಅದು ಚಾರ್ಟಾಗಿ ಗೋಡೆ ಸೇರಿ, ಬೇಸಿಗೆ ರಜೆಯ ಹೊತ್ತಿಗೆ ಸುರುಳಿಯಾಗಿ ಬೀಳುತ್ತಿತ್ತು. ಮೇಷ್ಟ್ರು ಆರು ಜನರನ್ನು ಒಪ್ಪಿಸಿ 3000 ಒಟ್ಟು ಮಾಡಿಸಿದರು, ಪಟ್ಟಿಯನ್ನೂ ತಾವೇ ಬರೆದರು. ಅಳೆಯುವ ಸಾಮಾನು ಮೊದಲು, ನೋಡುವ ಸಾಮಾನು ಆಮೇಲೆ: ಥರ್ಮಾಮೀಟರು, ಸ್ಪ್ರಿಂಗ್ ತಕ್ಕಡಿ, ಅಳತೆ ಜಾಡಿ, ಅಳತೆ ಪಟ್ಟಿ. ಉಳಿದದ್ದಕ್ಕೆ ಟೌನ್‌ಹಾಲ್ ದಾಟಿ ಎಸ್.ಪಿ. ರೋಡಿಗೆ ನಡೆದು ಎಲ್‌ಇಡಿ, ತಂತಿ, ಅಯಸ್ಕಾಂತ. ಎಲ್‌ಇಡಿ ತಂದು 9 ವೋಲ್ಟ್ ಬ್ಯಾಟರಿಗೆ ನೇರ ಸಿಕ್ಕಿಸಿದರೆ ಕಣ್ಣು ಮಿಟುಕಿಸುವುದರೊಳಗೆ ಸುಡುತ್ತದೆ; ನಡುವೆ ಸರಣಿಯಲ್ಲಿ, ವಿದ್ಯುತ್ ಹರಿವನ್ನು ತಗ್ಗಿಸುವ 470 ಓಮ್ ರೆಸಿಸ್ಟರ್ ಬೇಕು. ಅದನ್ನು ಹೇಳಿಕೊಡದೆ ಎಲ್‌ಇಡಿ ಕೊಂಡ ಶಾಲೆಗಳಲ್ಲಿ ಮೊದಲ ಪೀರಿಯಡ್ಡಿಗೇ ಡಬ್ಬಿ ಖಾಲಿಯಾಗುತ್ತದೆ.

ತರಬೇತಿಯಲ್ಲೂ ಅವರದು ಇದೇ ರೀತಿ. ಆಗ ವರ್ಷಕ್ಕೆ 20 ದಿನದ ಸೇವಾನಿರತ ತರಬೇತಿಯ ಲೆಕ್ಕವಿತ್ತು, ಬಿಆರ್‌ಸಿ ಎಂಬ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲೊಂದಿಷ್ಟು, ಸಿಆರ್‌ಸಿ ಎಂಬ ಸಮೂಹ ಸಂಪನ್ಮೂಲ ಕೇಂದ್ರದಲ್ಲೊಂದಿಷ್ಟು. ಬೇರೆಯವರಿಗೆ ಓಓಡಿ (ಅನ್ಯ ಕಾರ್ಯ ನಿಮಿತ್ತದ ಹಾಜರಿ) ಎಂದರೆ ಶಾಲೆಯಿಂದ ಬಿಡುವು, ಇವರಿಗೆ ಮನೆಗೆಲಸ. ಹಿಂದಿರುಗಿದ ಮರುದಿನವೇ ಒಂದು ಹಾಳೆಯಲ್ಲಿ ಮೂರು ಅಂಕಣ ಎಳೆಯುತ್ತಿದ್ದರು. ಕೇಳಿದ್ದು, ಯಾವ ತರಗತಿಯಲ್ಲಿ ಯಾವ ತಾರೀಖು ಮಾಡಿ ನೋಡುವುದು, ಮಾಡಿದಾಗ ಎಲ್ಲಿ ಕೈಕೊಟ್ಟಿತು. ಎರಡನೆಯ ಅಂಕಣದಲ್ಲಿ ಹದಿನೈದು ದಿನದೊಳಗಿನ ತಾರೀಖು ಬೀಳದಿದ್ದರೆ ಅದು ಇನ್ನು ಬೀಳುವುದೇ ಇಲ್ಲ ಎಂಬುದು ಅವರ ಅನುಭವ. ಮೂರನೆಯ ಅಂಕಣವನ್ನು ತಿಂಗಳ ಸಮಾಲೋಚನಾ ಸಭೆಯಲ್ಲಿ ಎದ್ದು ನಿಂತು ಓದುತ್ತಿದ್ದರು. ಗೆದ್ದ ಪಾಠ ಹೇಳುವವರು ಹತ್ತು ಜನ ಇದ್ದರು, ಬಿದ್ದ ಪಾಠ ಹೇಳುವವರು ಅವರೊಬ್ಬರೇ. ಒಂದು ಶಾಲೆಯಿಂದ ಇಬ್ಬರು ಒಟ್ಟಿಗೆ ಹೋಗಬೇಕು ಎಂಬುದೂ ಅವರ ಹಟ. ಒಬ್ಬರೇ ಹೋಗಿ ಬಂದರೆ ಸ್ಟಾಫ್ ರೂಮಿನಲ್ಲಿ ಅದರ ಬಗ್ಗೆ ಮಾತಾಡಲು ಜೊತೆಯಿಲ್ಲದೆ ವಾರದಲ್ಲಿ ಕಲಿತದ್ದು ಆರಿಹೋಗುತ್ತದೆ.

ಕನ್ನಡದ ಮೇಡಂ ಪ್ರತಿಭಾ ಕಾರಂಜಿಗೆ ತಯಾರು ಮಾಡುತ್ತಿದ್ದ ಬಗೆಯನ್ನೂ ಎರಡು ಮಾತಿನಲ್ಲಿ ಹೇಳಬೇಕು. ಕಂಠಪಾಠದ ಪದ್ಯದಲ್ಲಿ ಉಸಿರು ತೆಗೆದುಕೊಳ್ಳುವ ಜಾಗಕ್ಕೆಲ್ಲ ಪೆನ್ಸಿಲಿನಲ್ಲಿ ಚುಕ್ಕೆ ಇಡಿಸುತ್ತಿದ್ದರು. ಮಕ್ಕಳು ಮರೆಯುವುದು ಸಾಮಾನ್ಯವಾಗಿ ಉಸಿರು ಮುಗಿದಲ್ಲಿ. ಅಭ್ಯಾಸ ಮುಚ್ಚಿದ ಕೋಣೆಯಲ್ಲಿ ಅಲ್ಲ, ಬಿಸಿಯೂಟದ ಗದ್ದಲದ ನಡುವೆ. ಕ್ಲಸ್ಟರ್ ಮಟ್ಟದ ವೇದಿಕೆಯಲ್ಲಿ ಮೈಕು ಕೈಕೊಟ್ಟಾಗ ನಮ್ಮ ಶಾಲೆಯ ಮಕ್ಕಳು ನಿಲ್ಲಲಿಲ್ಲ.

ಈಗಿನ ಶಾಲೆಗೆ ದುಡ್ಡು ಬರುವುದಿಲ್ಲ ಎನ್ನುವಂತಿಲ್ಲ. ಸಮಗ್ರ ಶಿಕ್ಷಣದ ಸಂಯುಕ್ತ ಶಾಲಾ ಅನುದಾನದಲ್ಲಿ 101ರಿಂದ 250 ಮಕ್ಕಳಿರುವ ಸರ್ಕಾರಿ ಶಾಲೆಗೆ 50,000 ರೂಪಾಯಿವರೆಗೆ ಅವಕಾಶವಿದೆ, ಅದರಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೆ. ಮಕ್ಕಳು ತಾವೇ ಮಾಡಿ ನೋಡುವ ಅಟಲ್ ಟಿಂಕರಿಂಗ್ ಲ್ಯಾಬಿಗೆ 20 ಲಕ್ಷ, ಅದರಲ್ಲಿ 10 ಲಕ್ಷ ಸ್ಥಾಪನೆಗೆ, ಉಳಿದದ್ದು ಐದು ವರ್ಷದ ನಿರ್ವಹಣೆಗೆ. ಮಕ್ಕಳ ಹೊಸ ವಿಜ್ಞಾನ ಕಲ್ಪನೆಗಳಿಗೆ ಕೊಡುವ ಇನ್‌ಸ್ಪೈರ್ ಮಾನಕ್‌ನಲ್ಲಿ ಆಯ್ಕೆಯಾದ ಮಗುವಿನ ಖಾತೆಗೇ 10,000. ಆದರೆ ಆ ಹತ್ತು ಸಾವಿರ ಎಷ್ಟೋ ಸಲ ಮಗುವಿನ ಕೈಗೆ ಬರುವುದೇ ಇಲ್ಲ, ಕಾರಣ ಬಹಳ ಚಿಕ್ಕದು. ಮೈಸೂರು ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿಗೆ, ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿಗೆ ಸೇರಿದವು. ಮನೆಯ ಹಳೆಯ ಪಾಸ್‌ಬುಕ್ ನೋಡಿ ಬ್ಯಾಂಕ್ ಶಾಖೆಯ ಐಎಫ್‌ಎಸ್‌ಸಿ ಸಂಕೇತ ತುಂಬಿದರೆ ಹಣ ವಾಪಸು. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನಿಷಿಯಲ್ ಬೇರೆ, ಪಾಸ್‌ಬುಕ್ಕಿನಲ್ಲಿ ಇನ್ನೂ ಬೇರೆ ಇದ್ದರೂ ಅದೇ ಗತಿ. ಹೆಸರು ಕಳಿಸುವ ಮೊದಲು ಮೂರನ್ನೂ ಪಕ್ಕಪಕ್ಕ ಇಟ್ಟು ನೋಡುವುದು, ಖಾತೆಗೆ ಹತ್ತು ರೂಪಾಯಿ ಹಾಕಿ ಅದು ಜೀವಂತವಿದೆಯೇ ಎಂದು ತಿಳಿಯುವುದು ಅರ್ಧ ಗಂಟೆಯ ಕೆಲಸ.

ನನ್ನ ಬೇಸರ ದುಡ್ಡಿನದಲ್ಲ. 2020ರ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆಯ ವೃತ್ತಿ ಬೆಳವಣಿಗೆ ಎನ್ನುತ್ತದೆ, ಒಳ್ಳೆಯದೇ. ಆದರೆ ಅದರಲ್ಲಿ ಬಹುಪಾಲು ಫೋನಿನೊಳಗೆ ಸೇರಿಹೋಗಿದೆ. ವಿಡಿಯೋ ಮುಗಿಯುತ್ತದೆ, ಪ್ರಮಾಣಪತ್ರ ಇಳಿಯುತ್ತದೆ, ಮೂರನೆಯ ಅಂಕಣ ಬರೆಯಲು ಯಾರೂ ಕೇಳುವುದಿಲ್ಲ. ಸ್ಪರ್ಧೆಗಳಿಗೆ ತಯಾರಾದ ಮಾದರಿಗಳನ್ನು ಅಂಗಡಿಯಿಂದಲೇ ಕೊಂಡು ತರುತ್ತಾರೆ. ಮಗುವನ್ನು ‘ಇದರಲ್ಲಿ ಮೊದಲು ಯಾವುದು ಕೆಟ್ಟಿತು?’ ಎಂದು ಕೇಳಿದರೆ ಅಪ್ಪನ ಮುಖ ನೋಡುತ್ತದೆ.

ಸಮಾರಾಧನೆಯ ದಿನವೇ ನಾವೆಲ್ಲ ಸೇರಿ ಮೇಷ್ಟ್ರ ಹೆಸರಿನಲ್ಲಿ ಈ ಶಾಲೆಯ ಶಿಕ್ಷಕರಿಗಾಗಿ ಒಂದು ಸಣ್ಣ ನಿಧಿ ಕಟ್ಟಿದೆವು. ಅದರ ನಿಯಮಗಳನ್ನು ಸಂಚಿಕೆಯಲ್ಲಿ ಹಾಕಬೇಕೆಂದು ಸಂಪಾದಕರು ಕೇಳಿದ್ದಾರೆ. ಅರ್ಜಿ ಒಂದೇ ಪುಟ: ಏನು ಮಾಡುತ್ತೀರಿ, ಯಾವ ತರಗತಿಗೆ, ಯಾವ ತಿಂಗಳು, ಎಷ್ಟು ಬೇಕು, ಕೆಟ್ಟರೆ ಏನು ಮಾಡುತ್ತೀರಿ. ಮೊತ್ತ 3000ದಿಂದ 10,000. ಹಣ ಜೂನ್‌ನಲ್ಲೇ ಒಂದೇ ಕಂತಿನಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಖಾತೆಗೆ ಹೋಗುತ್ತದೆ. ಇಷ್ಟು ಸಣ್ಣ ಮೊತ್ತವನ್ನು ಎರಡು ಕಂತು ಮಾಡಿದರೆ ಶಿಕ್ಷಕರು ಕೈಯಿಂದ ಹಾಕಿ ಕಾಯುತ್ತಾ ಕೂರಬೇಕು. ಫೆಬ್ರವರಿಯಲ್ಲಿ ಕೊಟ್ಟರೆ ಮಾರ್ಚ್ 31ರ ಭಯಕ್ಕೆ ಬೇಡದ್ದೆಲ್ಲ ಕೊಳ್ಳಬೇಕಾಗುತ್ತದೆ.

ಲೆಕ್ಕದಲ್ಲಿ ಒಂದು ಅನುಕ್ರಮ ತಪ್ಪಬಾರದು. ಎಸ್‌ಡಿಎಂಸಿ ನಡಾವಳಿ ಮೊದಲು, ನಂತರ ಕೊಟೇಷನ್, ನಂತರ ಬಿಲ್ಲು, ದಾಸ್ತಾನು ವಹಿಯಲ್ಲಿ ದಾಖಲೆ, ಕೊನೆಗೆ ಪಾವತಿ. ಬಿಲ್ಲಿನ ತಾರೀಖು ನಡಾವಳಿಗಿಂತ ಹಿಂದಿನದಾದರೆ ಯುಸಿ, ಅಂದರೆ ಹಣ ಬಳಕೆಯ ಪ್ರಮಾಣಪತ್ರ, ನಿಲ್ಲುತ್ತದೆ. ಬಿಲ್ಲು ಶಾಲೆಯ ಹೆಸರಿನಲ್ಲಿರಲಿ, ಶಿಕ್ಷಕರ ಹೆಸರಿನಲ್ಲಿ ಬೇಡ. ಅದರ ಬೆನ್ನಿಗೆ ದಾಸ್ತಾನು ವಹಿಯ ಪುಟಸಂಖ್ಯೆ ಬರೆಯಿರಿ. ಅಂಗಡಿಯ ಯಂತ್ರ ಕೊಡುವ ನುಣುಪು ಕಾಗದದ ಬಿಲ್ಲು ಕೆಲವೇ ತಿಂಗಳಲ್ಲಿ ಬೆಳ್ಳಗಾಗಿ ಅಕ್ಷರವೇ ಉಳಿಯುವುದಿಲ್ಲ, ತಂದ ದಿನವೇ ಜೆರಾಕ್ಸ್ ಮಾಡಿಸಿ ಎರಡನ್ನೂ ಒಟ್ಟಿಗೆ ಪಿನ್ ಮಾಡಿ. ಅಂಕಿ ತಪ್ಪಿದರೆ ಬಿಳಿ ಬಣ್ಣ ಬಳಿಯಬೇಡಿ, ಒಂದು ಗೀಟು, ಸಹಿ ಸಾಕು. ಲೆಕ್ಕ ಪರಿಶೋಧಕರು ಹುಡುಕುವುದು ತಪ್ಪನ್ನಲ್ಲ, ಮುಚ್ಚಿದ ಜಾಗವನ್ನು.

ಮಕ್ಕಳನ್ನು ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿಗೋ ನೆಹರು ತಾರಾಲಯಕ್ಕೋ ಕರೆದೊಯ್ಯಲೂ ಈ ಹಣ ಬಳಸಬಹುದು. ತಾರಾಲಯದಲ್ಲಿ ಕನ್ನಡ ಪ್ರದರ್ಶನದ ಹೊತ್ತು ಬೇರೆ, ಇಂಗ್ಲಿಷಿನದು ಬೇರೆ. ಮೊದಲೇ ವಿಚಾರಿಸಿ ಬಸ್ಸು ಹೇಳಿ. ಪೋಷಕರ ಒಪ್ಪಿಗೆ ಪತ್ರ, ಹೆಣ್ಣುಮಕ್ಕಳ ಜೊತೆ ಒಬ್ಬ ಶಿಕ್ಷಕಿ, ಕುಡಿಯುವ ನೀರಿನ ಕ್ಯಾನು. ಮುಖ್ಯವಾಗಿ, ಪ್ರತಿ ಗುಂಪಿಗೂ ನೋಡಿಕೊಂಡು ಬರಲು ಒಂದೇ ಪ್ರಶ್ನೆ ಕೊಡಿ. ಹತ್ತು ಪ್ರಶ್ನೆಯ ಹಾಳೆ ಕೊಟ್ಟರೆ ಮಕ್ಕಳು ಫಲಕ ನಕಲು ಮಾಡುತ್ತಾ ಯಂತ್ರವನ್ನು ನೋಡುವುದೇ ಇಲ್ಲ.

ಮೊದಲ ಅರ್ಜಿ ಬಂದಾಗಿದೆ. ಐದನೇ ತರಗತಿಯ ಟೀಚರೊಬ್ಬರು ಎರಡು ಮಳೆಮಾಪಕಕ್ಕೆ ಕೇಳಿದ್ದಾರೆ. ಒಂದೇ ಯಾಕೆ ಸಾಲದು ಎಂಬುದನ್ನು ಅರ್ಜಿಯಲ್ಲೇ ಬರೆದಿದ್ದಾರೆ. ಮಳೆ ಪುಸ್ತಕವನ್ನು ಮೇಷ್ಟ್ರ ಮನೆಯವರು ಶಾಲೆಗೆ ಕೊಟ್ಟಿದ್ದಾರೆ, ಗ್ರಂಥಾಲಯದ ಎರಡನೆಯ ಕಪಾಟಿನಲ್ಲಿದೆ. ಅದರ ಕೊನೆಯಲ್ಲಿ ನಲವತ್ತು ಪುಟ ಇನ್ನೂ ಖಾಲಿ ಇವೆ.