ಸದ್ದು ವೂಫರ್‌ದು, ದಂಡ ಎಲ್ಲರಿಗೂ

ನಮ್ಮ ಸ್ಪೀಕರ್ ಸೆಟ್‌ನಲ್ಲಿ ಕ್ರಾಸ್‌ಓವರ್‌ಗೆ (ಬಾಸನ್ನು ವೂಫರ್‌ಗೆ, ತೀಕ್ಷ್ಣ ಸ್ವರಗಳನ್ನು ಟ್ವೀಟರ್‌ಗೆ ಹಂಚೋದು) ಮೊದಲಿದ್ದ ಕಂಪ್ರೆಸರ್ (ಸದ್ದು ಮಿತಿ ಮೀರಿದರೆ ತಗ್ಗಿಸೋದು) ಇವತ್ತು ಕಿತ್ತು ಹಾಕಿದೆ. ಕ್ರಾಸ್‌ಓವರ್ ಆದ ಮೇಲೆ ಚಾನೆಲ್‌ಗೊಂದರಂತೆ ಬೇರೆ ಬೇರೆ ಕೂರಿಸಿದೆ.

ಇಷ್ಟು ದಿನ ಕಿಕ್ ಡ್ರಮ್ ಒಂದೇಟು ಬಿದ್ದರೆ ಸಾಕು, ಪಾಪ, ಹಾಡುವವಳ ದನಿಯೂ ತಗ್ಗುತ್ತಿತ್ತು. ಸದ್ದು ಮಾಡಿದ್ದು ವೂಫರ್, ದಂಡ ಎಲ್ಲರಿಗೂ!

ಮಜಾ ಇರೋದು ಅಟ್ಯಾಕ್ ಟೈಮ್‌ನಲ್ಲಿ, ಅಂದ್ರೆ ಸದ್ದು ಏರಿದ ಮೇಲೆ ಕಂಪ್ರೆಸರ್ ಎಷ್ಟು ಬೇಗ ತಗ್ಗಿಸುತ್ತೆ ಅನ್ನೋದರಲ್ಲಿ. 40 ಹರ್ಟ್ಸ್‌ನ ಒಂದು ಅಲೆ ಮುಗಿಯೋಕೇ 25 ಮಿಲಿಸೆಕೆಂಡ್ ಬೇಕು. ಅದಕ್ಕಿಂತ ತೀರಾ ಅವಸರ ಮಾಡಿದರೆ ಕಂಪ್ರೆಸರ್ ಅಲೆಯ ಆಕಾರವನ್ನೇ ಕೆಡಿಸುತ್ತೆ, ಬಾಸ್ ಗೊರಗೊರ ಅನ್ನುತ್ತೆ. ಟ್ವೀಟರ್‌ಗೆ ಆ ತಕರಾರಿಲ್ಲ. 2000 ಹರ್ಟ್ಸ್‌ನ ಅಲೆ ಅರ್ಧ ಮಿಲಿಸೆಕೆಂಡ್‌ನಲ್ಲಿ ಮುಗೀತು. ಚುರುಕಾಗಿಯೇ ಹಿಡಿಯಬಹುದು.

ಹಿಡಿಯಲೇಬೇಕು ಕೂಡ. ಅದರ ವಾಯ್ಸ್ ಕಾಯಿಲ್, ಅಂದ್ರೆ ಸ್ಪೀಕರನ್ನು ಅಲುಗಿಸೋ ಸುರುಳಿ, ಅಷ್ಟು ತೆಳ್ಳಗಿನ ತಂತಿ.

ಆದರೂ ಕಾಯಿಲ್ ಸುಡೋದು ಹೆಚ್ಚಾಗಿ ಕ್ಷಣದ ಪೀಕ್‌ನಿಂದಲ್ಲ, ಬಿಡದೆ ಹರಿಯೋ ಪವರ್‌ನಿಂದ. ಅದಕ್ಕೇ ಕ್ಷಣದ ಏರಿಕೆ ತಡೆಯೋ ಪೀಕ್ ಲಿಮಿಟರ್ ಪಕ್ಕದಲ್ಲಿ, ಸರಾಸರಿ ಮಟ್ಟ ನೋಡಿ ನಿಧಾನಕ್ಕೆ ಕೆಲಸ ಮಾಡೋ ಆರ್‌ಎಂಎಸ್ ಲಿಮಿಟರ್ ಒಂದನ್ನೂ ಇಟ್ಟೆ. ದನಿ ಈಗ ಅಲುಗಾಡಲ್ಲ, ಬಾಸ್ ಮಾತ್ರ ತನ್ನ ಪಾಡಿಗೆ ತಗ್ಗುತ್ತೆ.

ಆಂಪ್ಲಿಫೈಯರ್‌ನ ಗೇನ್ ನಾಬ್ ಮಾತ್ರ ಯಾರೂ ಮುಟ್ಟಬೇಡಿ ಮಾರಾಯ್ರೇ. ಅದು ತಿರುಗಿತೋ, ಥ್ರೆಶೋಲ್ಡ್ (ಲಿಮಿಟರ್ ತಗ್ಗಿಸೋಕೆ ಶುರು ಮಾಡೋ ಮಟ್ಟ) ಲೆಕ್ಕ ಪೂರ್ತಿ ಮೊದಲಿಂದ.